ಮೊದಲೇ ರಕ್ತ ಹೋಗ್ತಿದೆ, ಈ ಇಂಜೆಕ್ಷನ್ ಯಾಕೆ?

ಪ್ರಶ್ನೆ: ಡಾಕ್ಟರೇ, ನನ್ನ ಮಗನಿಗೆ 26 ವರ್ಷ. ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನಲ್ಲಿ ಹುಣ್ಣಾಗುವ ಕಾಯಿಲೆ) ಇದೆ. ಹೋದ ತಿಂಗಳು ಜೋರಾಗಿ ರಕ್ತಭೇದಿಯಾಗಿ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿ ದಿನಾ ಹೊಟ್ಟೆಯ ಚರ್ಮಕ್ಕೆ ಒಂದು ಸಣ್ಣ ಇಂಜೆಕ್ಷನ್ ಕೊಟ್ಟರು. ಕೇಳಿದರೆ, 'ರಕ್ತ ಹೆಪ್ಪುಗಟ್ಟದಿರಲಿ ಅಂತ' ಎಂದರು. ಹೋಗುವ ರಕ್ತ ನಿಲ್ಲಿಸುವುದು ಬಿಟ್ಟು ಇದೇನು?
– ಒಬ್ಬ ತಾಯಿ, ತೀರ್ಥಹಳ್ಳಿ

ಉತ್ತರ: ನಾನು ಈ ಇಂಜೆಕ್ಷನ್ ಬರೆದ ದಿನವೂ ವಾರ್ಡಿನ ಬಾಗಿಲಲ್ಲಿ ಯಾರಾದರೂ ನಿಲ್ಲಿಸಿ ಇದನ್ನೇ ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ. ಅದು ಹೆಪಾರಿನ್ ಜಾತಿಯ ಔಷಧಿ. ಕೊಟ್ಟಿದ್ದು ಸರಿ.

ರಕ್ತ ಹೋಗುವುದು ಕರುಳಿನ ಒಳಪದರ ಹುಣ್ಣಾಗಿರುವುದರಿಂದ. ರಕ್ತಕ್ಕೆ ಹೆಪ್ಪುಗಟ್ಟುವ ಶಕ್ತಿ ಇಲ್ಲ ಅಂತಲ್ಲ. ಕರುಳಿನ ಉರಿಯೂತ ಏರಿದಷ್ಟೂ ರಕ್ತ ಹೆಪ್ಪುಗಟ್ಟಲು ತುದಿಗಾಲಲ್ಲಿ ನಿಂತಿರುತ್ತದೆ. ಮಗನ ರಿಪೋರ್ಟಿನಲ್ಲಿ, ಹೆಪ್ಪು ಕಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್ ಸಾಲು ನೋಡಿ. ಡೆಂಗಿ ಬಂದಾಗ ಅದು ಇಳೀತು ಅಂತ ಗಾಬರಿಯಾಗುತ್ತೇವೆ, ಅಲ್ವಾ? ಕೊಲೈಟಿಸ್ ಕೆರಳಿದಾಗ ಉಲ್ಟಾ, ಎಷ್ಟೋ ಸಲ ನಾಲ್ಕೂವರೆ ಲಕ್ಷ ದಾಟಿರುತ್ತದೆ. ಹೆಪ್ಪಿಗೆ ಬೇಕಾದ ಫೈಬ್ರಿನೋಜನ್ನನ್ನೂ ಲಿವರ್ ಜಾಸ್ತಿ ಮಾಡುತ್ತದೆ. ಮೇಲಿಂದ ಭೇದಿಯಾಗಿ ಮೈಯಲ್ಲಿ ನೀರು ಕಮ್ಮಿ, ಮಲಗಿದಲ್ಲೇ ಮಲಗಿರುವುದು, ಸ್ಟೀರಾಯ್ಡ್ ಬೇರೆ.

ಹೀಗಾಗಿ ಕಾಲಿನ ಆಳದ ರಕ್ತನಾಳದಲ್ಲಿ ಹೆಪ್ಪು ಕಟ್ಟಬಹುದು. ಅದು ಕಿತ್ತು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಉಳಿದವರಿಗಿಂತ ಈ ಕಾಯಿಲೆಯವರಿಗೆ ಆ ಭಯ ಎರಡು ಮೂರು ಪಟ್ಟು. ಕೆರಳಿದಾಗ ಇನ್ನೂ ಜಾಸ್ತಿ. ಹೊಸ ವಿಷಯವೇನಲ್ಲ, ಅಮೆರಿಕದ ಮೇಯೋ ಕ್ಲಿನಿಕ್ಕಿನ ಬಾರ್ಗೆನ್ ಮತ್ತು ಬಾರ್ಕರ್ 1936ರಲ್ಲೇ ಬರೆದಿದ್ದರು.

ಹೆಪ್ಪು ಬಾರದಿರಲಿ ಅಂತ ಕೊಡುವ ಡೋಸ್ ಚಿಕ್ಕದು. ಸಾಮಾನ್ಯವಾಗಿ ಅದರಿಂದ ರಕ್ತಸ್ರಾವ ಹೆಚ್ಚುವುದಿಲ್ಲ. ಬಿಪಿ ಇಳಿಯುವಷ್ಟು ರಕ್ತ ಹೋಗುತ್ತಿದ್ದರೆ ಮಾತ್ರ ನಾವು ಕೈ ತಡೆಯುತ್ತೇವೆ. ಅಂದಹಾಗೆ, ಇದು ಕೊಲೈಟಿಸ್ಸಿಗೇ ಮದ್ದಲ್ಲ. ಹಾಗೆ ಬಳಸಿ ನೋಡಿದ್ದೂ ಉಂಟು, ಅಂಥಾ ಪ್ರಯೋಜನ ಕಾಣಲಿಲ್ಲ.

ಈಗ ಮನೆಯಲ್ಲಿ ಕಣ್ಣಿಡಿ. ಒಂದೇ ಕಾಲು ಊದಿಕೊಂಡು ಮೀನಖಂಡ ನೋಯುತ್ತಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಉಳುಕಿರಬೇಕು ಅಂತ ಎಣ್ಣೆ ಹಚ್ಚಿ ನೀವಬೇಡಿ. ಇದ್ದಕ್ಕಿದ್ದಂತೆ ಏದುಸಿರು, ಎದೆನೋವು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ಮುಂದೆ ಕೊಲೈಟಿಸ್ಸಿಗೆ ಕೊಡುವ ಟೋಫಾಸಿಟಿನಿಬ್ ಮಾತ್ರೆಯ ಮಾತು ಬಂದರೆ, ಮನೆಯಲ್ಲಿ ಯಾರಿಗಾದರೂ ಹೆಪ್ಪಿನ ತೊಂದರೆ ಇತ್ತಾ ಅನ್ನುವುದನ್ನು ಡಾಕ್ಟರಿಗೆ ಮೊದಲೇ ಹೇಳಿ. ಆ ಮಾತ್ರೆಗೂ ಹೆಪ್ಪಿನ ಎಚ್ಚರಿಕೆ ಇದೆ.