ಶಿರಸಿಯಲ್ಲಿ ಅಡಿಕೆ ವಹಿವಾಟಿನ ತಂತ್ರಾಂಶ ಬರೆಯುತ್ತಿದ್ದೇವೆ. ಎಐ ಕೋಡಿಂಗ್ ಸಹಾಯಕಕ್ಕೆ ಇಂದು ಹೇಳಿದ ನಿಯಮ ನಾಳೆ ಏಕೆ ನೆನಪಿರುವುದಿಲ್ಲ?

ನಿಯಮಗಳನ್ನು ಪ್ರಾಜೆಕ್ಟಿನ ಮೂಲ ಫೋಲ್ಡರಿನಲ್ಲಿ ಕಡತವಾಗಿ ಬರೆದಿಡಿ. ಕ್ಲಾಡ್ ಕೋಡ್‌ ಎಂಬ ಸಹಾಯಕಕ್ಕೆ ಆ ಕಡತದ ಹೆಸರು ‘ಕ್ಲಾಡ್ ಡಾಟ್ ಎಂಡಿ’ (CLAUDE.md). ಬೇರೆ ಹಲವು ಸಹಾಯಕಗಳು ‘ಏಜೆಂಟ್ಸ್ ಡಾಟ್ ಎಂಡಿ’ (AGENTS.md) ಕಡತವನ್ನು ಓದುತ್ತವೆ. ಪ್ರತಿ ಹೊಸ ಸಂವಾದದಲ್ಲಿ, ನಿಮ್ಮ ಕೆಲಸದ ಬಗ್ಗೆ ಎದುರಿಗಿರುವ ಪಠ್ಯವಷ್ಟೇ ಸಹಾಯಕದೊಳಗಿನ ಎಐ ಮಾದರಿಗೆ ಗೊತ್ತು. ನಿನ್ನೆಯ ಮಾತು ಅದರಲ್ಲಿರುವುದಿಲ್ಲ. ಆದರೆ ಈ ಕಡತ ಪ್ರತಿ ಸಲ ತಾನಾಗಿ ಸೇರಿಕೊಳ್ಳುತ್ತದೆ.

‘ಅಚ್ಚುಕಟ್ಟಾಗಿ ಬರೆ’ ಎಂದರೆ ಏನೂ ಪ್ರಯೋಜನವಿಲ್ಲ. ‘ದರ ಕ್ವಿಂಟಲಿಗೆ, ತೂಕ ಕಿಲೋದಲ್ಲಿ, ಚಾಲಿ, ರಾಶಿ, ಬೆಟ್ಟೆ ಎಂಬ ಅಡಿಕೆಯ ಬಗೆಗಳನ್ನು ಒಂದೇ ದರದಲ್ಲಿ ಲೆಕ್ಕ ಹಾಕಬೇಡ, ಹಣವನ್ನು ಪೈಸೆಯ ಪೂರ್ಣಾಂಕದಲ್ಲಿಯೇ ಇಡು, ಪ್ರತಿ ಬದಲಾವಣೆಯ ನಂತರ ಪರೀಕ್ಷೆಗಳನ್ನು ಓಡಿಸು’ ಎಂದು ಬಿಡಿಸಿ ಹೇಳಿ. ಕಡತ ಚಿಕ್ಕದಿರಲಿ, ಉದ್ದವಾದಷ್ಟೂ ಮುಖ್ಯವಾದದ್ದು ಕಡೆಗಣನೆಯಾಗುತ್ತದೆ. ಬರೆದಿಟ್ಟ ಮಾತ್ರಕ್ಕೆ ಪಾಲನೆಯಾಗುತ್ತದೆಂಬ ಖಾತರಿಯೂ ಇಲ್ಲ. ಬೆಳೆಗಾರರ ಖಾತೆಗಳಿರುವ ನಿಜವಾದ ಡೇಟಾಬೇಸಿನ ಪಾಸ್‌ವರ್ಡನ್ನು ದಯವಿಟ್ಟು ಸಹಾಯಕದ ಕೈಗೆ ಕೊಡಲೇಬೇಡಿ.