ಸಮುದ್ರ ಏರಿದರೆ ಅಳಿವೆಯ ಕೆಸರು ಬಯಲು ಮುಳುಗಿ ಹೋಗುತ್ತದೆಯೇ? ಗಜನಿಯ, ಅಂದರೆ ಅಳಿವೆ ದಡದ ಉಪ್ಪುನೀರು ಗದ್ದೆಯ, ಕಟ್ಟೆ ಎತ್ತರಿಸಿದರೆ ಸಾಲದೇ?

ಮುಳುಗಲೇಬೇಕು ಅಂತೇನಿಲ್ಲ. ಆದರೆ ಕಟ್ಟೆ ಎತ್ತರಿಸಿದರೆ ಸಾಕು ಅನ್ನುವುದನ್ನು ನಾನು ಒಪ್ಪಲಾರೆ. ನಾನು ಕುಮಟಾ ಕಡೆಯವನು, ಅಘನಾಶಿನಿ ಅಳಿವೆಯ ಗಜನಿಯಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆದ ಮನೆಯವನು. ನೀವು ಕುಟುಂಬದ ಗಜನಿ ಪಾಲು ತೆಗೆದುಕೊಳ್ಳುವ ಯೋಚನೆಯಲ್ಲಿದ್ದೇನೆ ಎಂದು ಬರೆದಿದ್ದೀರಿ, ಅದಕ್ಕೇ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಇಳಿಯುವಾಗ ಒಂದು ಗಾಜಿನ ಬಾಟಲಿ ನೀರು ತುಂಬಿ, ರಾತ್ರಿಯಿಡೀ ಅಲುಗಿಸದೆ ಇಟ್ಟು ನೋಡಿ. ಬೆಳಗ್ಗೆ ಮೇಲೆ ತಿಳಿನೀರು, ತಳದಲ್ಲಿ ಬೆರಳಿಗೆ ಬೆಣ್ಣೆಯಂತೆ ಜಾರುವ ರೇವೆ. ಅಳಿವೆಯಲ್ಲಿ ಆಗುವುದೂ ಇದೇ. ಭರತದ ನೀರು ಕೆಸರು ಹೊತ್ತುಕೊಂಡು ಬಯಲಿಗೆ ಹತ್ತುತ್ತದೆ. ಇಳಿತ ಶುರುವಾಗುವ ಮೊದಲು ನೀರು ಒಂದಷ್ಟು ಹೊತ್ತು ಸುಮ್ಮನೆ ನಿಲ್ಲುತ್ತದೆ, ಆಗ ಕೆಸರು ಕೂರುತ್ತದೆ. ಸಮುದ್ರ ಏರಿದಷ್ಟೂ ಬಯಲು ಹೆಚ್ಚು ಹೊತ್ತು ನೀರಿನಡಿ ಇರುತ್ತದೆ, ಹೆಚ್ಚು ಕೆಸರು ಕೂತು ಬಯಲೂ ಮೇಲೇಳುತ್ತದೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರಿದ್ದಲ್ಲಿ ಕೂತ ಕೆಸರು ಕೊಚ್ಚಿಹೋಗುವುದೂ ಕಡಿಮೆ. ಪಾತ್ರೆಗೆ ನೀರು ಏರುತ್ತಿದ್ದಂತೆ ಪಾತ್ರೆಯ ತಳವೂ ಏರುತ್ತಿರುತ್ತದೆ ಅಂದುಕೊಳ್ಳಿ.

ಆದರೆ ಇದಕ್ಕೊಂದು ಮಿತಿ ಇದೆ. 1993ರಿಂದ 2017ರವರೆಗೆ ಉತ್ತರ ಹಿಂದೂ ಮಹಾಸಾಗರ ವರ್ಷಕ್ಕೆ ಸರಾಸರಿ 3.3 ಮಿಲಿಮೀಟರ್‌ನಂತೆ ಏರಿದೆ. ಅದಕ್ಕೂ ಹಿಂದಿನ ನೂರಿಪ್ಪತ್ತು ವರ್ಷಗಳ ಲೆಕ್ಕ ಎರಡು ಮಿಲಿಮೀಟರನ್ನೂ ಮುಟ್ಟಿರಲಿಲ್ಲ. ಈ ವೇಗಕ್ಕೆ ಸರಿಸಮನಾಗಿ ಏರಬೇಕಾದರೆ ಬಯಲಿಗೆ ಅಷ್ಟು ಮಣ್ಣು ಎಲ್ಲಿಂದಲಾದರೂ ಬರಬೇಕು.

ಎಲ್ಲಿಂದ ಬರುತ್ತದೆ ಎಂಬುದಕ್ಕೆ ಯುರೋಪಿನ ವಾಡನ್ ಸಮುದ್ರ ಒಳ್ಳೆಯ ಪಾಠ. ನೆದರ್‌ಲ್ಯಾಂಡ್ಸ್, ಜರ್ಮನಿ, ಡೆನ್ಮಾರ್ಕ್ ಕರಾವಳಿಗೆ ಅಂಟಿಕೊಂಡ ಈ ಕೆಸರು ಬಯಲು, ಎಡೆಬಿಡದೆ ಹರಡಿದವುಗಳಲ್ಲಿ, ಜಗತ್ತಿನಲ್ಲೇ ಅತಿ ದೊಡ್ಡದು. 1932ರಲ್ಲಿ ಡಚ್ಚರು 32 ಕಿಲೋಮೀಟರ್ ಉದ್ದದ ಒಡ್ಡು ಹಾಕಿ ಅದರ ಪಕ್ಕದ ಕೊಲ್ಲಿಯನ್ನು ಮುಚ್ಚಿದರು. ಹೊರಗುಳಿದ ಭಾಗದಲ್ಲಿ ನೀರಿನ ಓಟವೇ ಬದಲಾಯಿತು. ಹೊಸ ಓಟಕ್ಕೆ ಹೊಂದಿಕೊಳ್ಳಲು ಅದು ತೊಂಬತ್ತು ವರ್ಷಗಳಿಂದ ಮರಳು ಒಳಗೆಳೆದುಕೊಳ್ಳುತ್ತಲೇ ಇದೆ. ಆ ಮರಳು ಬರುವುದು ಅಳಿವೆ ಬಾಯಿಯ ಹೊರಗಿನ ದಿಬ್ಬಗಳಿಂದ, ದ್ವೀಪಗಳ ಕಡಲ ದಂಡೆಯಿಂದ. ಒಳಗಿನ ಬಯಲು ಉಳಿಯಬೇಕಾದರೆ ಹೊರಗಿನ ದಂಡೆ ಸವೆಯಬೇಕು. ಸಮುದ್ರ ಏರಿದಾಗಲೂ ಇದೇ ಲೆಕ್ಕ. ಡಚ್ಚರು ಈ ಶತಮಾನದ ಆರಂಭದಿಂದ ತಮ್ಮ ಕರಾವಳಿಗೆ ವರ್ಷಕ್ಕೆ ಸುಮಾರು 1.2 ಕೋಟಿ ಘನ ಮೀಟರ್ ಮರಳು ಸುರಿಯುತ್ತಿರುವುದು ಸುಮ್ಮನೆ ಅಲ್ಲ. ಅಂದಹಾಗೆ, ಒಳಗಿನ ಜಾಗ ವಿಶಾಲವಾದಷ್ಟೂ ತುಂಬಲು ಬೇಕಾಗುವ ಮರಳು ಹೆಚ್ಚು. ಅದಕ್ಕೇ ಅಲ್ಲಿ ಮೊದಲು ಸೋಲುವ ಭಯ ಇರುವುದು ದೊಡ್ಡ ಅಳಿವೆಗಳಿಗೆ.

ನಮ್ಮಲ್ಲಿ ಹೊಳೆಯೇ ದೊಡ್ಡ ಆಸರೆ. ಪಕ್ಕದ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಬಂತು, ಕಾಳಿಗೆ ಸಾಲು ಸಾಲು ಅಣೆಕಟ್ಟು. ಹೂಳು ಅಲ್ಲೇ ಮೇಲೆ ನಿಲ್ಲುತ್ತದೆ. ಅಘನಾಶಿನಿಗೆ ಇವತ್ತಿಗೂ ದೊಡ್ಡ ಅಣೆಕಟ್ಟಿಲ್ಲ. ಇಳಿತದ ಹೊತ್ತಿಗೆ ಹೆಂಗಸರು ಬಯಲಿಗಿಳಿದು ಬಳಚು (ಚಿಪ್ಪುಜೀವಿ) ಹೆಕ್ಕುವುದು ಇನ್ನೂ ನಡೆಯುತ್ತಿರುವುದಕ್ಕೆ ಅದೂ ಒಂದು ಕಾರಣ. 2024ರಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಹೊಳೆಯ ಮರಳು ತೆಗೆಯುವುದು, ಹೊಳೆಗೆ ಅಡ್ಡ ಕಟ್ಟುವುದು ಎರಡೂ ಈ ಬಯಲಿನ ಅನ್ನ ಕಸಿದಂತೆ.

ಈಗ ನಿಮ್ಮ ಕಟ್ಟೆಯ ವಿಷಯ. ಕಟ್ಟೆ ಉಪ್ಪುನೀರನ್ನಷ್ಟೇ ತಡೆಯುವುದಿಲ್ಲ, ಕೆಸರನ್ನೂ ತಡೆಯುತ್ತದೆ. ಹೊರಗಿನ ಬಯಲು ಏರುತ್ತಾ ಹೋದರೆ ಒಳಗಿನ ಗದ್ದೆ ಇದ್ದಲ್ಲೇ ಇರುತ್ತದೆ, ಮಣ್ಣು ಒಣಗಿ ಒತ್ತಿಕೊಂಡರೆ ಇನ್ನೂ ಕುಸಿಯುತ್ತದೆ. ಬಾಂಗ್ಲಾದೇಶದಲ್ಲಿ 1960ರ ದಶಕದಲ್ಲಿ ಒಡ್ಡು ಕಟ್ಟಿಸಿಕೊಂಡ ಒಂದು ದ್ವೀಪದಲ್ಲಿ ಐವತ್ತು ವರ್ಷಗಳೊಳಗೆ ಒಳಗಿನ ನೆಲ ಪಕ್ಕದ ಸುಂದರಬನಕ್ಕಿಂತ ಒಂದರಿಂದ ಒಂದೂವರೆ ಮೀಟರ್ ತಗ್ಗಾಗಿತ್ತು. 2009ರಲ್ಲಿ ಐಲಾ ಚಂಡಮಾರುತಕ್ಕೆ ಒಡ್ಡು ಒಡೆಯಿತು. ಸುಮಾರು ಎರಡು ವರ್ಷ ಭರತದ ನೀರು ಒಳಗೆ ಬಂದು ಹೋಗಿ ಮಾಡಿತು. ಜನ ಪಟ್ಟ ಪಾಡು ಹೇಳತೀರದು. ಆದರೆ ಆ ಎರಡೇ ವರ್ಷದಲ್ಲಿ ಹತ್ತಾರು ಸೆಂಟಿಮೀಟರ್ ಹೊಸ ಮಣ್ಣು ಕೂತಿತ್ತು.

ನಮ್ಮ ಹಿರಿಯರ ಕ್ರಮದಲ್ಲಿ ಕಗ್ಗ ಕೊಯ್ದ ಮೇಲೆ ತೂಬಿನ ಹಲಗೆ ತೆಗೆಯುತ್ತಿದ್ದರು. ಭರತದ ಜೊತೆ ಮೀನು, ಸಿಗಡಿ, ಕೆಸರು ಎಲ್ಲ ಗದ್ದೆಗೆ ಬರುತ್ತಿತ್ತು. ಆ ಕೆಸರೇ ಮುಂದಿನ ಬೆಳೆಗೆ ಗೊಬ್ಬರ ಎನ್ನುತ್ತಿದ್ದರು, ಬೇರೆ ಗೊಬ್ಬರ ಹಾಕಿದ್ದನ್ನು ನಾನು ಕಂಡಿಲ್ಲ. ನೆಲವನ್ನು ಎತ್ತರದಲ್ಲಿ ಉಳಿಸುವ ಕೆಲಸವೂ ಅದರಲ್ಲೇ ಆಗುತ್ತಿತ್ತು ಎಂದು ನನಗೆ ಅರ್ಥವಾದದ್ದು ಎಷ್ಟೋ ವರ್ಷಗಳ ಮೇಲೆ. ಕಟ್ಟೆ ಗಟ್ಟಿ ಮಾಡಿಸಿ, ಬೇಡ ಎನ್ನುವುದಿಲ್ಲ. ತೂಬು ಮಾತ್ರ ಮುಚ್ಚಿಸಬೇಡಿ.

ಕಾಗದಕ್ಕೆ ಸಹಿ ಹಾಕುವ ಮೊದಲು ಒಂದು ಕೆಲಸ ಮಾಡಿ. ಅಮಾವಾಸ್ಯೆಯ ಮರುದಿನ, ನೀರು ಪೂರ್ತಿ ಇಳಿದ ಹೊತ್ತಿಗೆ ಕಟ್ಟೆಯ ಮೇಲೆ ನಿಂತು ಎರಡೂ ಬದಿ ನೋಡಿ. ಹೊರಗಿನ ಕೆಸರಿಗಿಂತ ಒಳಗಿನ ಗದ್ದೆ ಎಷ್ಟು ಕೆಳಗಿದೆ ಎಂದು ಕೋಲಿಟ್ಟು ಅಳೆಯಿರಿ. ಮೊಣಕಾಲುದ್ದಕ್ಕಿಂತ ಹೆಚ್ಚಿದ್ದರೆ ಮೊದಲು ಅಕ್ಕಪಕ್ಕದ ಗಜನಿಯವರನ್ನು ಕೂರಿಸಿ ಮಾತಾಡಿ, ತೂಬು ಒಬ್ಬರೇ ತೆರೆಯಲು ಬರುವುದಿಲ್ಲ.