ಪದ್ಯಕ್ಕೆ ಆಸ್ವಾದನೆ ಬರೆಯುವಾಗ ಸ್ವಂತ ಅನಿಸಿಕೆ ಬೇಕಾ, ಗೈಡಿನದ್ದು ಸಾಕಾ?

ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಆಸ್ವಾದನೆ (ಪದ್ಯ ಓದಿ ನಮಗೆ ಅನಿಸಿದ್ದನ್ನು ಬರೆಯುವ ಟಿಪ್ಪಣಿ) ಬರೆಯಲು ಕೂತರೆ ಸ್ವಂತದ್ದು ಏನೂ ಬರುವುದಿಲ್ಲ, ಗೈಡಿನದ್ದೇ ಬಾಯಿಪಾಠ ಮಾಡಿ ಬರೆದರೆ ಮಾರ್ಕು ಸಿಗುತ್ತದಾ ಅಂತ ಕೇಳಿದ್ದೀರಿ. ಸಿಗುತ್ತದೆ. ನನಗೂ ಸಿಗುತ್ತಿತ್ತು.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯವನು, ಹತ್ತನೆಯವರೆಗೆ ಕನ್ನಡ ಮಾಧ್ಯಮ. ನನ್ನ ಹತ್ತಿರ ಐದು ವಾಕ್ಯಗಳಿದ್ದವು, ಯಾವ ಪದ್ಯ ಬಂದರೂ ಅದೇ ಐದು. 'ಕವಿ ಪ್ರಕೃತಿಯನ್ನು ಮನೋಹರವಾಗಿ ವರ್ಣಿಸಿದ್ದಾರೆ', 'ಭಾಷೆ ಸರಳವೂ ಪ್ರಾಸಬದ್ಧವೂ ಆಗಿದೆ', 'ಈ ಸಂದೇಶ ಇಂದಿಗೂ ಪ್ರಸ್ತುತ', ಹೀಗೆ. ನಿಮ್ಮ ಪುಸ್ತಕದಲ್ಲೂ ಇವು ಇರುತ್ತವೆ, ಅಲ್ವಾ?

ಒಂಬತ್ತನೆಯಲ್ಲಿ ಜೂನ್ 19ರ ವಾಚನಾ ದಿನದ ವಾರದಲ್ಲಿ ಒಂದು ಸ್ಪರ್ಧೆಗೆ ಹೋದೆ. ಕೇರಳದಲ್ಲಿ ಗ್ರಂಥಾಲಯ ಚಳವಳಿ ಕಟ್ಟಿದ ಪಿ. ಎನ್. ಪಣಿಕ್ಕರ್ ಅವರ ನೆನಪಿನ ದಿನ, ನಿಮಗೆ ಗೊತ್ತೇ ಇದೆ. ಹೊರಗೆ ಜೋರು ಮಳೆ. ಕವಿಯ ಹೆಸರಿಲ್ಲದ ಒಂದು ಪದ್ಯ ಕೊಟ್ಟು, ಒಂದು ಗಂಟೆಯಲ್ಲಿ ಆಸ್ವಾದನೆ ಬರೆಯಿರಿ ಅಂದರು. ಹೊಸ ಮನೆ ಕಟ್ಟಲು ಹಳೆಯ ಬಾವಿಗೆ ಮಣ್ಣು ತುಂಬಿಸುವ ಪದ್ಯ ಅದು. ಮೊದಲು ಹಗ್ಗ ಬಿಚ್ಚಿ ಸುತ್ತಿ ಇಡುತ್ತಾರೆ, ಆಮೇಲೆ ಮಣ್ಣು ಬೀಳುತ್ತದೆ. ನಾನು ಎರಡೇ ನಿಮಿಷದಲ್ಲಿ 'ಜಲವೇ ಜೀವ' ಅಂತ ಶುರು ಮಾಡಿ ಎರಡು ಪುಟ ತುಂಬಿಸಿದೆ. ಪದ್ಯವನ್ನು ಎರಡನೇ ಸಲ ಓದಲೇ ಇಲ್ಲ.

ಬಹುಮಾನ ಬರಲಿಲ್ಲ. ಅದು ಹೋಗಲಿ. ಮುಗಿದ ಮೇಲೆ ತೀರ್ಪುಗಾರರಾಗಿ ಬಂದಿದ್ದ ನಿವೃತ್ತ ಮಾಷ್ಟ್ರೊಬ್ಬರು ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

"ಪ್ರಾಸಬದ್ಧ ಅಂತ ಬರೆದಿದ್ದೀಯಲ್ಲ ಮಾರಾಯ, ಪ್ರಾಸ ಎಲ್ಲಿದೆ ತೋರಿಸು."

ಇರಲಿಲ್ಲ. ಅವರು ಬೈಯಲಿಲ್ಲ. ಮಂಜೇಶ್ವರದ ಗೋವಿಂದ ಪೈಗಳ ವಿಷಯ ಹೇಳಿದರು. ಆಗೆಲ್ಲ ಪದ್ಯ ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಆಗಿರಬೇಕಿತ್ತು, 1911ರಲ್ಲಿ ಅವರು ಆ ಪ್ರಾಸವನ್ನು ಬಿಟ್ಟು ಬರೆದರು ಅಂತ. ಆಮೇಲೆ ಕೇಳಿದರು:

"ನಿನ್ನ ಮನೆಯಲ್ಲಿ ಬಾವಿ ಇದೆಯಾ?"

"ಇಲ್ಲ. ಸುರಂಗ ಇತ್ತು. ಬೋರ್‌ವೆಲ್ ಹಾಕಿದ ಮೇಲೆ ಬಾಯಿಗೆ ಕಲ್ಲು ಇಟ್ಟು ಮುಚ್ಚಿದ್ದೇವೆ."

"ಅದನ್ನು ಯಾಕೆ ಬರೆಯಲಿಲ್ಲ?"

"ಅದು ಪದ್ಯದಲ್ಲಿ ಇಲ್ಲವಲ್ಲ."

ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ನಮ್ಮ ಕಡೆಯ ಸುರಂಗ ನೀವು ನೋಡಿರಬಹುದು. ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ಒಳಗೆ ಹೋಗುವುದು, ಒಬ್ಬ ಮನುಷ್ಯ ನುಗ್ಗುವಷ್ಟೇ ಅಗಲ, ಒಳಗೆ ಒಸರುವ ನೀರು ಪಂಪಿಲ್ಲದೆ ತಾನಾಗಿ ಹರಿದು ಹೊರಗೆ ಬರುತ್ತದೆ. ನಮ್ಮ ಅಜ್ಜ ವರ್ಷಕ್ಕೊಮ್ಮೆ ಮೊಂಬತ್ತಿ ಹಿಡಿದು ಒಳಗೆ ಹೋಗಿ ಮಣ್ಣು ತೆಗೆಯುತ್ತಿದ್ದರು. ನಾನು ಬಾಯಿಯ ಹತ್ತಿರ ನಿಂತು ಬುಟ್ಟಿ ತೆಗೆದುಕೊಳ್ಳುತ್ತಿದ್ದೆ. ಹಸಿ ಮುರಕಲ್ಲಿನ ವಾಸನೆ, ಒಳಗಿಂದ ಬರುವ ಅಜ್ಜನ ಕೆಮ್ಮು, ಅಡಿಕೆ ಮರದ ದಂಬೆಯಲ್ಲಿ (ಮರ ಸೀಳಿ ಮಾಡಿದ ನೀರಿನ ದೋಣಿಯಲ್ಲಿ) ಕೆರೆಗೆ ಬೀಳುವ ನೀರಿನ ಸದ್ದು. ಸುರಂಗ ಮುಚ್ಚಿದ ದಿನ ಅಜ್ಜ ಆ ದಂಬೆಯನ್ನು ತಂದು ಕೊಟ್ಟಿಗೆಯ ಮಾಡಿಗೆ ಸಿಕ್ಕಿಸಿ ಇಟ್ಟರು. ಪದ್ಯದಲ್ಲಿ ಹಗ್ಗ ಸುತ್ತಿ ಇಡುವುದೂ ಅದೇ ಅಲ್ವಾ? ಇಷ್ಟೆಲ್ಲ ನನಗೆ ಗೊತ್ತಿದ್ದೂ ನಾನು ಬರೆದದ್ದು 'ಜಲವೇ ಜೀವ'.

ನನ್ನ ತಪ್ಪು ಯಾವುದು ಅಂತ ಸರಿಯಾಗಿ ಹೇಳಬೇಕು, ಯಾಕೆಂದರೆ ಎಲ್ಲರೂ 'ಗೈಡ್ ಓದಬೇಡ' ಅಂತ ಹೇಳಿ ಸುಮ್ಮನಾಗುತ್ತಾರೆ. ಗೈಡ್ ಓದಿದ್ದರಿಂದ ನನಗೆ ತೊಂದರೆ ಆಗಲಿಲ್ಲ. ಪದ್ಯಕ್ಕಿಂತ ಮೊದಲು ಓದಿದ್ದರಿಂದ ಆಯಿತು. ಪ್ರತಿ ಪಾಠಕ್ಕೂ ಮೊದಲು ಸಾರಾಂಶ, ಆಮೇಲೆ ಪದ್ಯ. ಹಾಗೆ ಮಾಡಿದರೆ ಏನಾಗುತ್ತದೆ ಗೊತ್ತಾ? ಇದು ಇಂಥ ಸಂದೇಶದ ಪದ್ಯ ಅಂತ ಮೊದಲೇ ತಲೆಗೆ ಹೋಗಿರುತ್ತದೆ, ಆಮೇಲೆ ಕಣ್ಣು ಆ ಸಂದೇಶವನ್ನು ಮಾತ್ರ ಹುಡುಕುತ್ತದೆ, ಹಗ್ಗ ಬಂದರೂ ಕಾಣುವುದಿಲ್ಲ, ದಂಬೆ ಬಂದರೂ ಕಾಣುವುದಿಲ್ಲ. ಒಮ್ಮೆ ಸಾರಾಂಶ ಓದಿದ ಮೇಲೆ ಓದದ ಹಾಗೆ ಇರಲು ಆಗುವುದಿಲ್ಲ. ಮೂರು ವರ್ಷ ಹಾಗೆ ಓದಿದ ಮೇಲೆ, ಸಾರಾಂಶವೇ ಇಲ್ಲದ ಪದ್ಯ ಕೈಗೆ ಬಂದ ದಿನವೂ ನನ್ನ ಕಣ್ಣು ಹುಡುಕಿದ್ದು ಸಂದೇಶವನ್ನೇ.

ಆ ವರ್ಷ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಅಜ್ಜ ತೀರಿಕೊಂಡರು. ಪ್ಲಸ್ ಟುನಲ್ಲಿ ನಾನು ಸುರಂಗದ ಬಗ್ಗೆ ಬರೆಯಲು ಕೂತಾಗ, ಅದು ಎಷ್ಟು ಕೋಲು (ಸುರಂಗ ಅಳೆಯುವ ಹಳೆಯ ಅಳತೆ) ಉದ್ದ ಇತ್ತು, ಮಧ್ಯದಲ್ಲಿ ಯಾಕೆ ಎಡಕ್ಕೆ ತಿರುಗಿತ್ತು ಅಂತ ಹೇಳುವವರು ಮನೆಯಲ್ಲಿ ಯಾರೂ ಇರಲಿಲ್ಲ. ಆ ಜೂನ್‌ನಲ್ಲಿ ಬರೆದಿದ್ದರೆ ಅಜ್ಜನನ್ನೇ ಕೇಳಬಹುದಿತ್ತು. ನನಗೆ ಇವತ್ತಿಗೂ ನೋವಾಗುವುದು ಇದಕ್ಕೆ.

ಹಾಗಾಗಿ ಮಾರ್ಕು ಯಾವುದಕ್ಕೆ ಜಾಸ್ತಿ ಅನ್ನುವ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. ಲಿಖಿತ ಪರೀಕ್ಷೆಯ 40 ಮಾರ್ಕು, ನಿರಂತರ ಮೌಲ್ಯಮಾಪನದ 10, ಎರಡು ದಾರಿಯಲ್ಲೂ ಸಿಗುತ್ತವೆ. ಮನೆಯಲ್ಲಿ ತುಳು ಮಾತಾಡುವುದರಿಂದ ಸ್ವಂತದ್ದು ಬರುವುದಿಲ್ಲ ಅನ್ನುವುದನ್ನಂತೂ ನಾನು ಒಪ್ಪುವುದೇ ಇಲ್ಲ. ಗೋವಿಂದ ಪೈಗಳ ಮನೆಮಾತು ಕೊಂಕಣಿ. ನಮ್ಮ ಪೆರಡಾಲದ ಕಯ್ಯಾರ ಕಿಞ್ಞಣ್ಣ ರೈಗಳು ತುಳುವಿನಲ್ಲೂ ಕನ್ನಡದಲ್ಲೂ ಬರೆದವರು. ನಿಮಗೆ ಅನಿಸಿದ್ದು ತುಳುವಿನಲ್ಲಿ ಅನಿಸಿದರೆ ತುಳುವಿನಲ್ಲೇ ಗುರುತು ಹಾಕಿಕೊಳ್ಳಿ, ಆಮೇಲೆ ಕನ್ನಡಕ್ಕೆ ತನ್ನಿ. ಕನ್ನಡದಲ್ಲಿ ಸರಿಯಾದ ಪದ ಸಿಗದಿದ್ದರೆ ಆ ತುಳು ಪದವನ್ನೇ ಇಟ್ಟು ಅರ್ಥ ಹೇಳಿ. ಟೀಚರ್ ಕೆಂಪು ಗೆರೆ ಹಾಕಿದರೆ ಯಾಕೆ ಅಂತ ಹೋಗಿ ಕೇಳಿ.

ಇನ್ನೊಂದು. ಸ್ವಂತ ಅನಿಸಿಕೆ ಅಂತ ಪದ್ಯವನ್ನೇ ಮರೆಯಬೇಡಿ. ಆ ಸ್ಪರ್ಧೆ ಆದ ಮೇಲೆ ಕೆಲವು ಕಾಲ ನಾನು ಯಾವ ಪದ್ಯಕ್ಕೂ ಸುರಂಗದ ಕಥೆಯನ್ನೇ ಬರೆಯುತ್ತಿದ್ದೆ, ಅದೂ ತಪ್ಪೇ. ಪದ್ಯದ ಒಂದು ಪದವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಮಣ್ಣಿಗಿಂತ ಮೊದಲು ಹಗ್ಗ ಯಾಕೆ ಬಂತು ಅಂತ ಕೇಳಿಕೊಂಡರೆ ನಿಮ್ಮ ಮನೆಯ ಸಂಗತಿ ತಾನಾಗಿ ಬರುತ್ತದೆ. ಪದ್ಯ ಇಷ್ಟವಾಗದಿದ್ದರೆ ಅದನ್ನೂ ಬರೆಯಿರಿ, ಆದರೆ ಯಾವ ಸಾಲು ಅಂತ ಹೇಳಿ.

ನಾಳೆ ಹೊಸ ಪದ್ಯ ಶುರುವಾಗುವುದಾದರೆ ಇವತ್ತು ರಾತ್ರಿಯೇ ಎರಡು ಸಲ ಜೋರಾಗಿ ಓದಿ. ಪುಸ್ತಕದಲ್ಲಿ ಕವಿ ಪರಿಚಯ, ಆಶಯ ಏನಾದರೂ ಇದ್ದರೆ ಕೈಯಿಂದ ಮುಚ್ಚಿಕೊಳ್ಳಿ. ಎಲ್ಲಿ ನಿಂತಿರೋ ಅಲ್ಲಿ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಗೈಡ್ ಆಮೇಲೆ ತೆರೆಯಿರಿ. ಮತ್ತೆ, ಪದ್ಯದಲ್ಲಿ ಬಂದ ವಸ್ತು ನಿಮ್ಮ ಮನೆಯಲ್ಲೂ ಇದ್ದರೆ, ಇಲ್ಲವೇ ಒಂದು ಕಾಲದಲ್ಲಿ ಇದ್ದಿದ್ದರೆ, ಅಜ್ಜನ ಹತ್ತಿರವೋ ಅಜ್ಜಿಯ ಹತ್ತಿರವೋ ಇವತ್ತೇ ಕೇಳಿ. ಎಷ್ಟು ಕೋಲು ಅಂತಲೂ ಕೇಳಿ.